ರಹೀಮ್ ಸಾಹೇಬರ ಪಾಲು ಎಷ್ಟು?

2024ರ ಏಪ್ರಿಲ್‌ನಲ್ಲಿ ‘ಮೈದಾನ್’ ಎಂಬ ಹಿಂದಿ ಸಿನಿಮಾ ತೆರೆಗೆ ಬಂತು. ಬಿಡುಗಡೆಯ ಹೊತ್ತಿಗೆ ಸರಿಯಾಗಿ ಮೈಸೂರಿನ ನ್ಯಾಯಾಲಯವೊಂದು ಅದಕ್ಕೆ ತಡೆ ಕೊಟ್ಟಿತು. ಕಥೆ ತಮ್ಮದು ಎಂದು ಒಬ್ಬರು ದಾವೆ ಹೂಡಿದ್ದರು. ಹೈಕೋರ್ಟು ತಡೆಯನ್ನು ತೆರವು ಮಾಡಿತು, ಸಿನಿಮಾ ಓಡಿತು. ಕಥೆ ಯಾರದು ಎಂಬ ಆ ಜಗಳಕ್ಕಿಂತ ಹಳೆಯದೊಂದು ಜಗಳ ಆ ಸಿನಿಮಾದ ಹೊಟ್ಟೆಯೊಳಗೇ ಇದೆ. 1962ರ ಸೆಪ್ಟೆಂಬರ್ 4ರಂದು ಜಕಾರ್ತದ ಸೆನಯಾನ್ ಕ್ರೀಡಾಂಗಣದಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಗೆದ್ದಿತಲ್ಲ, ಆ ಗೆಲುವು ಯಾರದು?

ಸಿನಿಮಾದ ಉತ್ತರ ಸರಳ: ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರದು. ಆಡಿದವರನ್ನು, ಅವರ ಎದುರು ಆಡಿದವರನ್ನು, ಕೋಲ್ಕತ್ತಾದ ಕ್ಲಬ್ಬುಗಳವರನ್ನು, ಇತಿಹಾಸ ಬರೆಯುವವರನ್ನು ಕೇಳಿದರೆ ಉತ್ತರ ಅಷ್ಟು ಸರಳವಾಗಿ ಬರುವುದಿಲ್ಲ. ಒಂದು ತಂಡವನ್ನು ಬಹುಕಾಲ ನಡೆಸಿದವನು ಹೋದ ಮೇಲೆ ಅವನ ಲೆಕ್ಕಕ್ಕೆ ಏನೇನು ಬರೆಯಬೇಕು ಎನ್ನುವ ಪ್ರಶ್ನೆ ಇದು. ಹಿರಿಯೂರಿನವರಿಗೆ ಇಂಥ ವಾದ ಹೊಸದಲ್ಲ. 1933ರಲ್ಲಿ ತುಂಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದು ಆ ವರ್ಷದ ಮಳೆಯಿಂದಲೋ, ಭದ್ರೆಯಿಂದ ಎತ್ತಿ ಹರಿಸಿದ ನೀರಿನಿಂದಲೋ, ಶತಮಾನದ ಹಿಂದೆ ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿದವರಿಂದಲೋ ಎಂದು ಚಹಾದಂಗಡಿಗಳಲ್ಲಿ ನಡೆದ ಚರ್ಚೆ ಇನ್ನೂ ಮುಗಿದಿಲ್ಲ. ರಹೀಮರ ಬಗ್ಗೆ ಇರುವ ಪಂಥಗಳನ್ನೂ ಹೆಚ್ಚುಕಡಿಮೆ ಹೀಗೇ ವಿಂಗಡಿಸಬಹುದು.

ಶಾಲೆ ಮೇಷ್ಟ್ರು, ಪೊಲೀಸ್ ತಂಡ

ರಹೀಮ್ ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ನಗರದ ಶಾಲೆಗಳಲ್ಲಿ ಪಾಠ ಹೇಳಿದರು, ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ಮಕ್ಕಳ ಆಟೋಟಗಳ ಹೊಣೆ ಹೊತ್ತರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಡ್ರಿಲ್ ಮೇಷ್ಟ್ರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, ಜೊತೆಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಪಳಗಿಸಿದರು. ಆ ತಂಡ 1950ರಿಂದ 1954ರವರೆಗೆ ಬಾಂಬೆಯ ರೋವರ್ಸ್ ಕಪ್ಪನ್ನು ಸತತ 5 ಸಲ ಗೆದ್ದಿತು. 1950ರಲ್ಲಿ ಮೋಹನ್ ಬಗಾನನ್ನು ಮಣಿಸಿ ಡ್ಯೂರಾಂಡ್ ಕಪ್ಪನ್ನೂ ಒಯ್ದಿತು.

ಕನ್ನಡಿಗರು ಇಲ್ಲೊಂದು ವಿಷಯ ನೆನಪಿಡಬೇಕು. ದಕ್ಷಿಣದ ಫುಟ್‌ಬಾಲ್ ಹೈದರಾಬಾದಿನಿಂದ ಶುರುವಾದದ್ದಲ್ಲ. ಅದೇ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ 1937, 1938ರಲ್ಲೇ ಗೆದ್ದಿತ್ತು, 1948ರಲ್ಲಿ ಮತ್ತೆ ಗೆದ್ದಿತು. ದಂಡಿನ ಪ್ರದೇಶದ ಬಯಲುಗಳಲ್ಲಿ ಬ್ರಿಟಿಷ್ ಸಿಪಾಯಿಗಳ ಎದುರು ಆಡಿ ಆಡಿ ಕಲಿತ ಆಟ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1–2ರಿಂದ ಸೋತಾಗ ನಮ್ಮ ಒಂದೇ ಗೋಲನ್ನು ಹೊಡೆದ ರಾಮನ್ ಬೆಂಗಳೂರಿನವರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ 10 ಗೋಲು ಹಾಕಿದಾಗ ಕೊನೆಯ ಗಳಿಗೆಯಲ್ಲಿ ಒಂದನ್ನು ತಿರುಗಿಸಿದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಕೆಂಪಯ್ಯ 1956 ಮತ್ತು 1960ರ ಒಲಿಂಪಿಕ್ ತಂಡಗಳಲ್ಲಿದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 4 ಸಲ ಗೆದ್ದಿತು, ಕೊನೆಯದು 1968–69ರಲ್ಲಿ.

ಐದು ಕೂಟಗಳು

ವಾದಕ್ಕೆ ಇಳಿಯುವ ಮೊದಲು ರಹೀಮರ ಕೈಯಲ್ಲಿ ಭಾರತ ಏನು ಮಾಡಿತೆಂದು ನೋಡಿಬಿಡೋಣ. 1951ರ ದೆಹಲಿ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಇರಾನ್ ವಿರುದ್ಧ 1–0, ಚಿನ್ನ. ಮರುವರ್ಷ ಹೆಲ್ಸಿಂಕಿಯಲ್ಲಿ ಮೇಲೆ ಹೇಳಿದ ಆ 1–10. ನಮ್ಮವರಲ್ಲಿ ಹೆಚ್ಚಿನವರು ಚಳಿಯಲ್ಲಿ ಬರಿಗಾಲಲ್ಲಿ ಆಡಿದ್ದರು. ಆ ಹೊಡೆತದ ನಂತರವೇ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. 1956ರ ಮೆಲ್ಬರ್ನ್‌ನಲ್ಲಿ ನೆವಿಲ್ ಡಿಸೋಜ ಅವರ ಹ್ಯಾಟ್ರಿಕ್‌ನಿಂದ ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 4–2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಗಿ ನಾಲ್ಕನೇ ಸ್ಥಾನ ಪಡೆದರು. 1960ರ ರೋಮ್‌ನಲ್ಲಿ ಹಂಗೆರಿಗೆ 1–2ರಿಂದ ಸೋತು, ಫ್ರಾನ್ಸ್ ಜೊತೆ 1–1 ಸಮ ಮಾಡಿಕೊಂಡು, ಪೆರು ವಿರುದ್ಧ ಸೋತು ಹೊರಬಿದ್ದರು. ಕೊನೆಗೆ 1962ರ ಜಕಾರ್ತ.

ಜಕಾರ್ತದ ಕಥೆಯನ್ನು ಎಷ್ಟು ಸಲ ಹೇಳಿದರೂ ಬೇಸರವಿಲ್ಲ. ಮೊದಲ ಪಂದ್ಯದಲ್ಲೇ ಕೊರಿಯಾ ಎದುರು 0–2 ಸೋಲು. ಆಮೇಲೆ ಥಾಯ್ಲೆಂಡ್, ಜಪಾನ್ ಎದುರು ಗೆಲುವು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಅವರನ್ನು ಕೂರಿಸುವ ಬದಲು ರಹೀಮ್ ಸೆಂಟರ್ ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್ 3–2ರಿಂದ ದಕ್ಕಿತು. ಫೈನಲ್‌ನಲ್ಲಿ ಮೊದಲ ಗೋಲು ಪಿ.ಕೆ. ಬ್ಯಾನರ್ಜಿಯದು, ಎರಡನೆಯದು ಅದೇ ಜರ್ನೈಲ್ ಸಿಂಗರದು. ಇಸ್ರೇಲ್, ತೈವಾನ್ ದೇಶಗಳನ್ನು ಇಂಡೊನೇಷ್ಯ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಕಿಕ್ಕಿರಿದ ಜನಸ್ತೋಮ ನಮ್ಮ ವಿರುದ್ಧ ಕೂಗುತ್ತಿತ್ತು. ಕೋಚ್‌ಗೆ ಆಗಲೇ ಶ್ವಾಸಕೋಶದ ಕ್ಯಾನ್ಸರ್. 1963ರ ಜೂನ್ 11ರಂದು ತೀರಿಕೊಂಡರು.

‘ಎಲ್ಲ ಅವರಿಂದಲೇ’ ಎನ್ನುವವರು

ಮೊದಲ ಪಂಥಕ್ಕೆ ರಹೀಮರೇ ಆ ಯುಗ. ಇವರ ದೊಡ್ಡ ಸಾಕ್ಷಿ, ಅವರ ನಂತರದ ಖಾಲಿ ಜಾಗ. 1960ರ ನಂತರ ಭಾರತದ ಪುರುಷರ ತಂಡ ಒಲಿಂಪಿಕ್ಸ್‌ಗೆ ಹೋಗಲೇ ಇಲ್ಲ. 1962ರ ನಂತರ ಏಷ್ಯನ್ ಗೇಮ್ಸ್ ಚಿನ್ನ ಬರಲಿಲ್ಲ. 1970ರ ಬ್ಯಾಂಕಾಕ್‌ನ ಕಂಚೇ ಕೊನೆಯ ಪದಕ.

ಎರಡನೇ ಸಾಕ್ಷಿ ಆಟದ ವಿಧಾನ. 1953ರಲ್ಲಿ ಹಂಗೆರಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಚಚ್ಚಿದಾಗ ಸೆಂಟರ್ ಫಾರ್ವರ್ಡ್‌ನನ್ನು ಹಿಂದಕ್ಕೆ ಎಳೆದು ಎದುರಾಳಿಯನ್ನು ದಾರಿ ತಪ್ಪಿಸಿದ್ದು ಲೋಕಕ್ಕೆ ಗೊತ್ತು. ರಹೀಮ್ ಅದನ್ನು ಬೇಗ ಹಿಡಿದರು, ಮೆಲ್ಬರ್ನ್ ಹೊತ್ತಿಗೆ ನಮ್ಮ ಹುಡುಗರಿಗೆ ಒಗ್ಗಿಸಿದ್ದರು. 1958ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಪ್ರಸಿದ್ಧಿಗೆ ತಂದ 4-2-4 ವ್ಯೂಹಕ್ಕೆ ಅವರು ಅದಕ್ಕೂ ಮೊದಲೇ ಕೈ ಹಾಕಿದ್ದರು ಎಂದು ಅವರ ಶಿಷ್ಯರು ಹೇಳುತ್ತ ಬಂದರು. ಅಭಿಮಾನ ಇಲ್ಲಿ ತುಸು ಜಾಸ್ತಿಯೇ ಮಾತಾಡುತ್ತದೆ ಎಂದು ನನಗನ್ನಿಸುತ್ತದೆ. ಆ ವ್ಯೂಹದ ಬೇರುಗಳು ಹಂಗೆರಿ, ಬ್ರೆಜಿಲ್‌ಗಳ ಕ್ಲಬ್ಬುಗಳಲ್ಲಿ ಹರಡಿಕೊಂಡಿವೆ, ಒಬ್ಬನೇ ಜನಕನಿಲ್ಲ. ಆದರೆ ಬೇಗ ಕಲಿತು ಕಲಿಸಿದರು ಎನ್ನುವುದನ್ನು ತಳ್ಳಿಹಾಕಲಾಗದು. ಮೊದಲಿಗರು ಎಂಬ ಹಟಕ್ಕಿಂತ ಅದೇ ದೊಡ್ಡದು.

ಈ ಪಂಥದ ಕೈಯಲ್ಲಿರುವ ಗಟ್ಟಿ ವಾದ ಜರ್ನೈಲ್ ಸಿಂಗ್. ಹಿಂದೆ ಆಡುವವನನ್ನು ಮುಂದೆ ನಿಲ್ಲಿಸಿದ್ದು ಆಟಗಾರನ ಪ್ರತಿಭೆಯೂ ಅಲ್ಲ, ಕಾಲದ ಕೃಪೆಯೂ ಅಲ್ಲ. ಅದು ಬೆಂಚಿನ ಬಳಿ ನಿಂತ ಒಬ್ಬ ಮನುಷ್ಯನ ನಿರ್ಧಾರ.

‘ಆ ಕಾಲವೇ ಹಾಗಿತ್ತು’ ಎನ್ನುವವರು

ಎರಡನೇ ಪಂಥ ಇಷ್ಟನ್ನೂ ಕೇಳಿಸಿಕೊಂಡು ಮೂರು ಪ್ರಶ್ನೆ ಹಾಕುತ್ತದೆ.

1948ರಲ್ಲಿ ರಹೀಮ್ ಕೋಚ್ ಆಗಿರಲಿಲ್ಲ. ಆದರೂ ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕೈಬಿಟ್ಟು ಕೂದಲೆಳೆಯಲ್ಲಿ ಸೋತೆವು. 1964ರಲ್ಲಿ ಅವರು ಬದುಕಿರಲಿಲ್ಲ. ಇಂಗ್ಲಿಷ್ ಕೋಚ್ ಹ್ಯಾರಿ ರೈಟ್ ಅಡಿಯಲ್ಲಿ ಭಾರತ ಏಷ್ಯಾ ಕಪ್ಪಿನಲ್ಲಿ ಎರಡನೇ ಸ್ಥಾನ ಪಡೆಯಿತು. ಅಂದಮೇಲೆ ತಂಡದಲ್ಲೇ ಕಸುವಿತ್ತು ಎನ್ನಬೇಕಲ್ಲವೇ? ತಂಗರಾಜ್, ಜರ್ನೈಲ್, ಅರುಣ್ ಘೋಷ್, ಪಿ.ಕೆ., ಚುನಿ ಗೋಸ್ವಾಮಿ, ಬಲರಾಮ್: ಇಂಥವರು ಒಂದೇ ಕಾಲದಲ್ಲಿ ಕೂಡಿಬಂದದ್ದು ಮತ್ತೆ ಆಗಲಿಲ್ಲ.

ಇನ್ನೊಂದು ಪ್ರಶ್ನೆ ಹೆಚ್ಚು ಚುಚ್ಚುತ್ತದೆ. 1951ರ ಕೂಟದಲ್ಲಿ ಫುಟ್‌ಬಾಲ್ ಆಡಿದ್ದೇ 6 ದೇಶಗಳು. 1954 ಮತ್ತು 1958ರ ಏಷ್ಯನ್ ಗೇಮ್ಸ್ ಚಿನ್ನ ತೈವಾನ್ ಪಾಲಾಗಿತ್ತು; ಹಾಂಗ್‌ಕಾಂಗ್‌ನ ನುರಿತ ಆಟಗಾರರು ಅದರ ಪರ ಆಡುತ್ತಿದ್ದರು. ಅದೇ ತೈವಾನನ್ನು 1962ರಲ್ಲಿ ಬರಗೊಡಲಿಲ್ಲ. ಏಷ್ಯಾ ಕಪ್ಪನ್ನು ಎರಡು ವರ್ಷದಲ್ಲಿ ಗೆಲ್ಲಲಿದ್ದ ಇಸ್ರೇಲೂ ಹೊರಗಿತ್ತು. ಉಳಿದ 8 ತಂಡಗಳ ನಡುವೆ ಗೆದ್ದದ್ದನ್ನು ಖಂಡದ ಕಿರೀಟ ಎನ್ನಬಹುದೇ? ಸೋಂಧಿಯವರ ಆಕ್ಷೇಪದಿಂದ ನಮ್ಮ ಹುಡುಗರು ಬೈಗುಳ ತಿಂದರು, ಹೊರಗಿಟ್ಟದ್ದರಿಂದ ಲಾಭವೂ ನಮಗೇ ಆಯಿತು. ಈ ವಿಚಿತ್ರವನ್ನು ಅಭಿಮಾನಿಗಳು ಜಾಣತನದಿಂದ ದಾಟಿಹೋಗುತ್ತಾರೆ. ಆದರೆ ಫೈನಲ್‌ನಲ್ಲಿ ನಾವು ಸೋಲಿಸಿದ ಕೊರಿಯಾ 1956, 1960ರ ಎರಡೂ ಏಷ್ಯಾ ಕಪ್ ಗೆದ್ದಿತ್ತು ಎನ್ನುವುದನ್ನು ಅನುಮಾನಿಗಳೂ ಅಷ್ಟೇ ಜಾಣತನದಿಂದ ದಾಟುತ್ತಾರೆ.

ಮೂರನೆಯದು ‘ದೀರ್ಘಕಾಲದ ಕೋಚ್’ ಎಂಬ ಮಾತನ್ನೇ ಅಲುಗಾಡಿಸುವ ಪ್ರಶ್ನೆ. ಅಲೆಕ್ಸ್ ಫರ್ಗ್ಯುಸನ್ 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿದ್ದರು, ದಿನಾ ಬೆಳಿಗ್ಗೆ ಆಟಗಾರರನ್ನು ಕಂಡರು. ಆಗಿನ ಭಾರತ ತಂಡದ ಕೋಚ್‌ಗೆ ಸಿಗುತ್ತಿದ್ದದ್ದು ಕೂಟಕ್ಕೆ ಮೊದಲು ಕೆಲವು ವಾರಗಳ ಶಿಬಿರ. ಉಳಿದ ವರ್ಷವೆಲ್ಲ ಆ ಹುಡುಗರು ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ರೈಲ್ವೆ, ಸರ್ವೀಸಸ್ ತಂಡಗಳವರು. ಪಿ.ಕೆ.ಯವರ ಓಟವನ್ನು ರಹೀಮ್ ಕಲಿಸಿದರೋ, ಓಡುವವನಿಗೆ ಎಲ್ಲಿ ಓಡಬೇಕೆಂದು ತೋರಿಸಿದರೋ?

ಕೋಲ್ಕತ್ತಾದ ಮುನಿಸು

ಇದೊಂದು ಪಂಥವಲ್ಲ, ಅಸಮಾಧಾನ. ಹೈದರಾಬಾದಿನ ಹುಡುಗರಿಗೆ ರಹೀಮ್ ಜಾಗ ಹೆಚ್ಚು ಕೊಟ್ಟರು ಎಂಬ ದೂರು ಬಂಗಾಳದಲ್ಲಿ ಆಗಲೂ ಇತ್ತು, ಈಗಲೂ ಅದರ ವಾಸನೆ ಹೋಗಿಲ್ಲ. ರೋವರ್ಸ್ ಕಪ್ಪನ್ನು ಸತತ 5 ಸಲ ಗೆದ್ದ ಊರಿನವರು ತಂಡದಲ್ಲಿ ಹೆಚ್ಚಿದ್ದರೆ ಅಚ್ಚರಿ ಏನು ಎನ್ನುವುದು ಅದಕ್ಕೆ ಸಿದ್ಧ ಉತ್ತರ. ಜಕಾರ್ತದ ನಾಯಕ ಚುನಿ ಬಂಗಾಳದವರು, ಮೊದಲ ಗೋಲು ಹೊಡೆದ ಪಿ.ಕೆ.ಯೂ ಕೋಲ್ಕತ್ತಾದಲ್ಲೇ ಆಡುತ್ತಿದ್ದವರು. ಈ ದೂರಿಗೆ ನಾನು ಹೆಚ್ಚು ಬೆಲೆ ಕೊಡಲಾರೆ.

ವ್ಯವಸ್ಥೆಯ ವಾದ, ಮತ್ತು ಜಪಾನಿಗೆ ಬಂದ ಜರ್ಮನ್

ನನಗೆ ಹೆಚ್ಚು ಒಪ್ಪಿಗೆಯಾಗುವುದು ಮೂರನೇ ಪಂಥ. ಇವರು ಗೆಲುವು ಯಾರದು ಎಂದು ಕೇಳುವುದಿಲ್ಲ, ಗೆಲುವು ಯಾಕೆ ಉಳಿಯಲಿಲ್ಲ ಎಂದು ಕೇಳುತ್ತಾರೆ.

1960ರಲ್ಲಿ ಜಪಾನಿಗೆ ಡೆಟ್ಮಾರ್ ಕ್ರಾಮರ್ ಎಂಬ ಜರ್ಮನ್ ಕೋಚ್ ಬಂದ. ಎರಡು ವರ್ಷದ ನಂತರ ಜಕಾರ್ತದಲ್ಲಿ ಜಪಾನನ್ನು ನಾವು 2–0ರಿಂದ ಸೋಲಿಸಿದೆವು. ಅಂದರೆ ಆ ದಿನ ರಹೀಮ್ ಗೆದ್ದರು. ಆದರೆ ಕ್ರಾಮರ್ ಮಕ್ಕಳಿಗೆ ಚೆಂಡು ಒದೆಯುವುದನ್ನು ಕಲಿಸಿ ಸುಮ್ಮನಾಗಲಿಲ್ಲ. ಕೋಚ್‌ಗಳನ್ನು ತಯಾರು ಮಾಡಿ, ರಾಷ್ಟ್ರೀಯ ಲೀಗ್ ಕಟ್ಟಿ ಎಂದು ಬೆನ್ನುಹತ್ತಿದ. ಜಪಾನಿನವರು ಕೇಳಿದರು. 1964ರ ಟೋಕಿಯೊದಲ್ಲಿ ಅರ್ಜೆಂಟೀನವನ್ನು ಸೋಲಿಸಿದರು, 1965ರಲ್ಲಿ ಕಂಪನಿ ತಂಡಗಳ ಲೀಗ್ ಶುರುಮಾಡಿದರು, 1968ರ ಮೆಕ್ಸಿಕೊದಲ್ಲಿ ಒಲಿಂಪಿಕ್ ಕಂಚು ತಂದರು.

ನಮ್ಮಲ್ಲಿ ರಾಷ್ಟ್ರೀಯ ಲೀಗ್ ಬಂದದ್ದು 1996ರಲ್ಲಿ. ಹೊರದೇಶದಲ್ಲಿ 90 ನಿಮಿಷ ಆಡಬೇಕಾದವರು ಆ ಕಾಲದಲ್ಲಿ ಊರಿನಲ್ಲಿ 70 ನಿಮಿಷದ ಪಂದ್ಯ ಆಡುತ್ತಿದ್ದರು. ಕೋಚ್‌ಗಳಿಗೆ ಕಲಿಸುವ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಹುಟ್ಟಿತು. ಅಷ್ಟು ಹೊತ್ತಿಗೆ ರಹೀಮರಿಗೆ ಉಳಿದದ್ದು ಎರಡೇ ವರ್ಷ. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದಂತೂ 1985ರಲ್ಲಿ.

ಈ ವಾದದಲ್ಲೂ ಒಂದು ಬಿರುಕಿದೆ. ಹೈದರಾಬಾದಿನಲ್ಲಿ ರಹೀಮ್ ಕೈಗೆ ಅಧಿಕಾರವಿತ್ತು, ಕಾರ್ಯದರ್ಶಿ ಅವರೇ. ಅಲ್ಲಿ ಅವರು ಮಾಡಿದ್ದು ಸಾಮಾನ್ಯವಲ್ಲ: ಡ್ರಿಬಲ್ ಮಾಡಲೇಬಾರದು ಎಂಬ ನಿಯಮದ ಟೂರ್ನಿ, ವಾಡಿಕೆಯಿಲ್ಲದ ಕಾಲಲ್ಲೇ ಒದೆಯಬೇಕು ಎಂಬ ಟೂರ್ನಿ, ಎಳೆಯರಿಗೆಂದೇ ಬೇರೆ ಪಂದ್ಯಗಳು. ಪಾಠವನ್ನೇ ಸ್ಪರ್ಧೆಯ ನಿಯಮ ಮಾಡಿದರೆ ಬೋಧನೆ ಬೇಕಿಲ್ಲ, ಮೇಷ್ಟ್ರ ಜಾಣ್ಮೆ ಅದು. ಆ ಊರಿನಿಂದ ಬಂದ ನಯೀಮುದ್ದೀನ್ 1970ರ ಕಂಚಿನ ತಂಡದ ನಾಯಕರಾದರು, ಮುಂದೆ ಭಾರತದ ಕೋಚ್ ಆಗಿ 1990ರಲ್ಲಿ ದ್ರೋಣಾಚಾರ್ಯ ಪಡೆದರು. ಜಕಾರ್ತದ ಶಿಷ್ಯ ಪಿ.ಕೆ. ದೇಶದ ದೊಡ್ಡ ಕೋಚ್‌ಗಳಲ್ಲೊಬ್ಬರಾದರು. ರಹೀಮರ ಮಗ ಎಸ್.ಎಸ್. ಹಕೀಮ್ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು, ರೆಫರಿಯಾದರು, 1982ರ ದೆಹಲಿ ಏಷ್ಯಾಡ್‌ನಲ್ಲಿ ಪಿ.ಕೆ. ಜೊತೆ ಸಹಾಯಕ ಕೋಚ್ ಆದರು. 2021ರ ಆಗಸ್ಟ್‌ನಲ್ಲಿ ಅವರು ಕಣ್ಣುಮುಚ್ಚಿದ್ದು ನಮ್ಮ ಕಲಬುರಗಿಯಲ್ಲಿ. ಇಷ್ಟೆಲ್ಲ ಇದ್ದೂ ಹೈದರಾಬಾದಿನ ಮೈದಾನಗಳು ಬಡವಾದವು. ದೇಶದ ವ್ಯವಸ್ಥೆಯನ್ನು ದೂರಬಹುದು, ಅವರೇ ಕಟ್ಟಿದ ಊರಿನ ವ್ಯವಸ್ಥೆ ಯಾಕೆ ಸೊರಗಿತು ಎಂಬುದಕ್ಕೆ ಈ ಪಂಥ ಪೂರ್ತಿ ಉತ್ತರ ಕೊಟ್ಟಿಲ್ಲ.

ಈಚಿನವರ ಅಳತೆಗೋಲು

ಈಗ ಕೋಚನ್ನು ಅಳೆಯುವುದು ಫಿಫಾ ರ‍್ಯಾಂಕಿಂಗ್‌ನಿಂದ. ಸ್ಟೀಫನ್ ಕಾನ್‌ಸ್ಟಂಟೈನ್ 2015ರಲ್ಲಿ ಎರಡನೇ ಸಲ ಬಂದಾಗ ಭಾರತ 170ರ ಆಚೆ ಇತ್ತು, 2017ರಲ್ಲಿ 96ಕ್ಕೆ ಏರಿತು. 2019ರ ಏಷ್ಯಾ ಕಪ್ಪಿನಲ್ಲಿ ಬಹ್ರೇನ್ ವಿರುದ್ಧ ಕೊನೆಯ ನಿಮಿಷಗಳ ಪೆನಾಲ್ಟಿಯಿಂದ ಸೋತ ದಿನವೇ ಅವರು ರಾಜೀನಾಮೆ ಕೊಟ್ಟರು. ಆಮೇಲೆ ಬಂದ ಇಗೋರ್ ಸ್ಟಿಮಾಚ್ ಐದು ವರ್ಷ ಇದ್ದರು. 2023ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಕುವೈತನ್ನು ಪೆನಾಲ್ಟಿಯಲ್ಲಿ ಮಣಿಸಿ ಸ್ಯಾಫ್ ಕಪ್ ಗೆದ್ದಾಗ ಕ್ರೀಡಾಂಗಣ ಕುಣಿಯಿತು, ರ‍್ಯಾಂಕಿಂಗ್ 100ರೊಳಗೆ ಬಂತು. ಆರೇ ತಿಂಗಳಲ್ಲಿ ಏಷ್ಯಾ ಕಪ್ಪಿನ ಮೂರೂ ಪಂದ್ಯಗಳನ್ನು ಒಂದೂ ಗೋಲು ಹೊಡೆಯದೆ ಸೋತರು. 2024ರ ಜೂನ್‌ನಲ್ಲಿ ವಜಾ.

ಕ್ಲಬ್ ಫುಟ್‌ಬಾಲಿನ ಲೆಕ್ಕಿಗರು ಇನ್ನೂ ಕಠಿಣ. ‘ಸಾಕರ್‌ನಾಮಿಕ್ಸ್’ ಬರೆದ ಸೈಮನ್ ಕೂಪರ್, ಸ್ಟೆಫಾನ್ ಶಿಮಾನ್‌ಸ್ಕಿ ಪ್ರಕಾರ ದೀರ್ಘಾವಧಿಯಲ್ಲಿ ತಂಡದ ಸ್ಥಾನ ನಿರ್ಧರಿಸುವುದು ಬಹುಪಾಲು ಆಟಗಾರರ ಸಂಬಳದ ಮೊತ್ತ, ಬಹುತೇಕ ಕೋಚ್‌ಗಳ ಪಾಲು ಅಲ್ಪ. ಫರ್ಗ್ಯುಸನ್ ಹೋದ ನಂತರ ಅಷ್ಟೇ ದುಡ್ಡು ಸುರಿದರೂ ಯುನೈಟೆಡ್ ಮತ್ತೆ ಲೀಗ್ ಗೆಲ್ಲಲಿಲ್ಲ ಎಂಬುದನ್ನು ಅದರ ಎದುರಿಗಿಟ್ಟು ವಾದಿಸುವವರೂ ಇದ್ದಾರೆ. ಆದರೆ ರಹೀಮರಿಗೆ ಈ ಎರಡೂ ಗೋಲು ಹೊಂದುವುದಿಲ್ಲ. ಅವರ ಕಾಲದಲ್ಲಿ ರ‍್ಯಾಂಕಿಂಗೂ ಇರಲಿಲ್ಲ, ಆಟಗಾರರಿಗೆ ಹೇಳಿಕೊಳ್ಳುವಂಥ ಸಂಬಳವೂ ಇರಲಿಲ್ಲ. ಪೊಲೀಸ್ ತಂಡದವರ ಸಂಬಳ ಪೊಲೀಸ್ ಕೆಲಸದ್ದು.

ಕರ್ನಾಟಕ 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ತಂದಿತು. ಆಗ ಯಾರೂ ಕೋಚ್ ಪಾಲು, ಆಟಗಾರರ ಪಾಲು ಎಂದು ಜಗಳವಾಡಲಿಲ್ಲ. ಒಂದು ಸಲದ ಗೆಲುವಿನಲ್ಲಿ ಹಂಚಿಕೊಳ್ಳಲು ಏನಿದೆ?

ಮಲ್ಲಾಡಿಹಳ್ಳಿಯಿಂದ ನೋಡಿದರೆ

ಹೊಸದುರ್ಗ, ಹೊಳಲ್ಕೆರೆ ಕಡೆಯ ಶಾಲೆಯಂಗಳಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್ ಕಂಡಷ್ಟು ಫುಟ್‌ಬಾಲ್ ಕಾಣುವುದಿಲ್ಲ. ದುರ್ಗದ ಓಬವ್ವ ಕ್ರೀಡಾಂಗಣಕ್ಕೆ ಬರುವ ಹುಡುಗರಲ್ಲಿ ಹೆಚ್ಚಿನವರಿಗೆ ರಹೀಮ್ ಹೆಸರು ಗೊತ್ತಿದ್ದರೆ ಅದು ಸಿನಿಮಾದಿಂದ. ಹಾಗಿದ್ದೂ ಈ ಚರ್ಚೆಗೆ ನಮ್ಮ ಜಿಲ್ಲೆಯಿಂದ ಸೇರಿಸಬಹುದಾದದ್ದು ಒಂದಿದೆ.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ, ‘ತಿರುಕ’ ಎಂಬ ಹೆಸರಿನಲ್ಲಿ ಬರೆದವರು, ಹೆಚ್ಚುಕಡಿಮೆ ರಹೀಮರ ಕಾಲದಲ್ಲೇ ಕೆಲಸ ಶುರುಮಾಡಿದರು. ಊರೂರು ತಿರುಗಿ ಯೋಗ, ವ್ಯಾಯಾಮ ಕಲಿಸಿದವರು ಅವರು. ಅವರ ಲೆಕ್ಕದಲ್ಲಿ ಪದಕ ಇಲ್ಲ. ಅನಾಥಸೇವಾಶ್ರಮ ಕಟ್ಟಿದರು, ಶಾಲೆಗಳು ಬಂದವು, ದೈಹಿಕ ಶಿಕ್ಷಣದ ತರಬೇತಿ ಬಂತು. 1996ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ನಿಲ್ಲಲಿಲ್ಲ. ಅಲ್ಲಿ ಕಲಿತ ಪಿ.ಟಿ. ಮೇಷ್ಟ್ರುಗಳು ಎಲ್ಲೆಲ್ಲೋ ಶಾಲೆಯ ಅಂಗಳದಲ್ಲಿ ಸೀಟಿ ಊದಿದರು.

ಫುಟ್‌ಬಾಲಿಗೂ ಯೋಗಕ್ಕೂ ಎತ್ತಣ ಸಂಬಂಧ ಎಂದು ಕೇಳಬಹುದು. ನಾನು ಹೋಲಿಸುತ್ತಿರುವುದು ಇಬ್ಬರು ಮೇಷ್ಟ್ರುಗಳನ್ನು. ಒಬ್ಬರಿಗೆ ದೇಶ ತಂಡವನ್ನು ಕೊಟ್ಟಿತು, ಸಂಸ್ಥೆಯನ್ನು ಕೊಡಲಿಲ್ಲ. ಇನ್ನೊಬ್ಬರಿಗೆ ದೇಶ ಏನನ್ನೂ ಕೊಡಲಿಲ್ಲ, ಅವರೇ ಬೇಡಿ ಕಟ್ಟಿಕೊಂಡರು. ರಹೀಮರನ್ನು ಅಳೆಯುವವರೆಲ್ಲ ಜಕಾರ್ತಕ್ಕೆ ಹೋಗುತ್ತಾರೆ. ಅಳೆಯಬೇಕಾದದ್ದು ಹೈದರಾಬಾದಿನ ಆ ವಿಚಿತ್ರ ನಿಯಮಗಳ ಟೂರ್ನಿಗಳನ್ನು ಎಂಬುದು ನನ್ನ ಎಣಿಕೆ. ರಾಷ್ಟ್ರೀಯ ಕೋಚ್ ರಹೀಮರಿಗಿಂತ ಕಾರ್ಯದರ್ಶಿ ರಹೀಮ್ ದೊಡ್ಡವರು, ಸಿನಿಮಾಕ್ಕೆ ಒಗ್ಗದವರು ಅಷ್ಟೆ.

ಇನ್ನೂ ಬಗೆಹರಿಯದ್ದು

ಕೆಲವು ಪ್ರಶ್ನೆಗಳು ಹಾಗೇ ಉಳಿದಿವೆ. ತೈವಾನ್, ಇಸ್ರೇಲ್ ಆಡಿದ್ದರೆ ಜಕಾರ್ತದ ಫಲಿತಾಂಶ ಏನಾಗುತ್ತಿತ್ತು ಎಂಬುದು ಕೊನೆಯಿಲ್ಲದ ವಾದ, ಅದನ್ನು ಬಿಡೋಣ. 4-2-4ರ ಕಾಲಾನುಕ್ರಮವನ್ನು ಶಿಷ್ಯರ ನೆನಪಿನಿಂದಾಚೆ, ಅಂದಿನ ಪಂದ್ಯವರದಿಗಳಿಂದ ತೀರ್ಮಾನಿಸಬಹುದು, ಆದರೆ ಪಿ.ಕೆ. ಮತ್ತು ಚುನಿ 2020ರಲ್ಲಿ, ಬಲರಾಮ್ 2023ರಲ್ಲಿ ಹೋದರು, ಕೇಳಿ ತಿಳಿಯಬಹುದಾದವರು ಕಮ್ಮಿಯಾಗುತ್ತಿದ್ದಾರೆ. ರಹೀಮ್ ಇನ್ನು ಹತ್ತು ವರ್ಷ ಬದುಕಿದ್ದರೆ ಪಟಿಯಾಲದಲ್ಲೋ ಫೆಡರೇಷನ್ನಿನಲ್ಲೋ ಅವರಿಗೆ ಕ್ರಾಮರ್‌ಗೆ ಸಿಕ್ಕಷ್ಟು ಕಿವಿ ಸಿಗುತ್ತಿತ್ತೇ? ಮೊದಲ ಪಂಥ ಹೌದೆನ್ನುತ್ತದೆ, ಮೂರನೆಯದು ತಲೆಯಾಡಿಸುತ್ತದೆ.

ಬೆಂಗಳೂರಿನ ಪ್ರಶ್ನೆಯೂ ಇದೆ. ರಹೀಮರಂಥ ಒಬ್ಬ ಕೋಚ್ ಹೆಸರಿಲ್ಲದೆಯೇ ಮೈಸೂರು ರಾಜ್ಯ ಅವರ ಕಾಲದಲ್ಲೂ ಅವರ ನಂತರವೂ ಸಂತೋಷ್ ಟ್ರೋಫಿ ಗೆದ್ದಿತು, ಒಲಿಂಪಿಯನ್ನರನ್ನು ಕೊಟ್ಟಿತು, ಆಮೇಲೆ ಹೈದರಾಬಾದಿನ ಹಾಗೇ ಸೊರಗಿತು. ದೊಡ್ಡ ಕೋಚ್ ಇದ್ದ ಊರೂ ಇಲ್ಲದ ಊರೂ ಒಂದೇ ಕಾಲಕ್ಕೆ ಏರಿ ಒಂದೇ ಕಾಲಕ್ಕೆ ಇಳಿದದ್ದು ಹೇಗೆ? ರಹೀಮರ ಪಾಲನ್ನು ಹೆಚ್ಚಿಸುವವರೂ ಇಳಿಸುವವರೂ ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ಇನ್ನೂ ಸರಿಯಾಗಿ ನೋಡಿಲ್ಲ.